ಜಾಂಜಿಬಾರ್: ಬಂದದ್ದೆಷ್ಟು, ಉಳಿದದ್ದೆಷ್ಟು?

ಹತ್ತೊಂಬತ್ತನೇ ಶತಮಾನದ ಪೂರ್ವ ಆಫ್ರಿಕಾ ಶೋಧಯಾತ್ರೆಗಳ ಕಥೆ ಬಹುಪಾಲು ಜಾಂಜಿಬಾರ್‌ನಿಂದಲೇ ಶುರುವಾಗುತ್ತದೆ. 1857ರಲ್ಲಿ ರಿಚರ್ಡ್ ಬರ್ಟನ್ ಮತ್ತು ಜಾನ್ ಸ್ಪೀಕ್ ಒಳನಾಡಿನ ಮಹಾಸರೋವರಗಳನ್ನೂ ನೈಲ್ ನದಿಯ ಮೂಲವನ್ನೂ ಹುಡುಕಲು ಸಿದ್ಧರಾದದ್ದು ಈ ದ್ವೀಪದಲ್ಲಿ. ಡೇವಿಡ್ ಲಿವಿಂಗ್‌ಸ್ಟನ್ 1866ರಲ್ಲಿ ತನ್ನ ಕೊನೆಯ ಯಾತ್ರೆಗೆ ಹೊರಟದ್ದೂ ಇಲ್ಲಿಂದಲೇ. ಅವನ ಸುದ್ದಿ ನಿಂತುಹೋದಾಗ ಹುಡುಕಿಕೊಂಡು ಬಂದ ಪತ್ರಕರ್ತ ಹೆನ್ರಿ ಸ್ಟಾನ್ಲಿ 1871ರಲ್ಲಿ ಆಳು, ಬಟ್ಟೆ, ಮಣಿ, ತಂತಿ ಎಲ್ಲವನ್ನೂ ಜೋಡಿಸಿಕೊಂಡದ್ದು ಇದೇ ಪೇಟೆಯಲ್ಲಿ. ಶಾಲೆಯ ಪಠ್ಯದಲ್ಲಿ ಈ ಹೆಸರುಗಳನ್ನು ಓದಿದವರ ಪಾಲಿಗೆ ಜಾಂಜಿಬಾರ್ ಸಾಹಸದ ಹೆಬ್ಬಾಗಿಲು. ಇವತ್ತು ಅದೇ ದ್ವೀಪ ಪ್ರವಾಸಿ ಕಂಪನಿಗಳ ಜಾಹೀರಾತುಗಳಲ್ಲಿ ಬಿಳಿ ಮರಳು, ನೀಲಿ ನೀರು, ಲವಂಗದ ಘಮವಾಗಿ ಕಾಣಿಸಿಕೊಳ್ಳುತ್ತದೆ. ಎರಡೂ ಚಿತ್ರಗಳಲ್ಲಿ ಮುಖ್ಯಪಾತ್ರ ಹೊರಗಿನಿಂದ ಬಂದವನದು. ಅಲ್ಲೇ ಹುಟ್ಟಿ ಅಲ್ಲೇ ದುಡಿದವರು ಹಿನ್ನೆಲೆಯಲ್ಲಿ ನಿಂತಿರುತ್ತಾರೆ. ಉಷ್ಣವಲಯದ ದ್ವೀಪಗಳ, ಬಂದರುಗಳ ಬದುಕನ್ನು ಅರಿಯಬೇಕಾದರೆ ಈ ಚಿತ್ರವನ್ನು ತಿರುಗಿಸಿ ನೋಡಬೇಕು. ಬಂದರಿಗೆ ಯಾರು ಬಂದರು ಎಂಬುದಕ್ಕಿಂತ, ಬಂದ ಸಂಪತ್ತಿನಲ್ಲಿ ಎಷ್ಟು ಅಲ್ಲಿ ಉಳಿಯಿತು, ಯಾರ ಕೈಯಲ್ಲಿ ಉಳಿಯಿತು ಎಂಬ ಪ್ರಶ್ನೆಯೇ ಅಲ್ಲಿನ ಜನರ ಹಣೆಬರಹವನ್ನು ತೀರ್ಮಾನಿಸಿದೆ. ಜಾಂಜಿಬಾರ್‌ನ ಇನ್ನೂರು ವರ್ಷಗಳ ಇತಿಹಾಸ ಇದಕ್ಕೆ ಸಾಕ್ಷಿ.

ಗಾಳಿ ಕಟ್ಟಿದ ಪೇಟೆ

ಜಾಂಜಿಬಾರ್ ಎಂದರೆ ಮುಖ್ಯವಾಗಿ ಎರಡು ದ್ವೀಪಗಳು: ದಕ್ಷಿಣದಲ್ಲಿ ಉಂಗುಜಾ, ಉತ್ತರದಲ್ಲಿ ಪೆಂಬಾ. ಎರಡೂ ಈಗ ಟಾಂಜಾನಿಯಾ ಒಕ್ಕೂಟದೊಳಗಿನ ಅರೆಸ್ವಾಯತ್ತ ಭಾಗ. 2022ರ ಜನಗಣತಿಯ ಪ್ರಕಾರ ಜನಸಂಖ್ಯೆ ಸುಮಾರು 19 ಲಕ್ಷ. ಈ ಪುಟ್ಟ ನೆಲಕ್ಕೆ ಮಹತ್ವ ತಂದದ್ದು ಗಾಳಿ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಈಶಾನ್ಯದಿಂದ ಬೀಸುವ ಗಾಳಿಯನ್ನು ಸ್ವಾಹಿಲಿ ಜನ ಕಸ್ಕಾಜಿ ಎನ್ನುತ್ತಾರೆ. ಏಪ್ರಿಲ್ ಹೊತ್ತಿಗೆ ದಿಕ್ಕು ಬದಲಿಸಿ ದಕ್ಷಿಣದಿಂದ ಬೀಸುವುದು ಕುಸಿ. ನಮಗೆ ಮುಂಗಾರು ತರುವ ಗಾಳಿಯೂ ಇದೇ ವ್ಯವಸ್ಥೆಯ ಭಾಗ. ಕಚ್ಛ್, ಓಮಾನ್‌ಗಳ ಹಾಯಿಹಡಗುಗಳು ಮೊದಲ ಗಾಳಿಯಲ್ಲಿ ಬಂದು ಎರಡನೆಯ ಗಾಳಿಯಲ್ಲಿ ಮರಳುತ್ತಿದ್ದವು. ನಡುವಿನ ತಿಂಗಳುಗಳನ್ನು ವರ್ತಕರೂ ನಾವಿಕರೂ ದಡದಲ್ಲೇ ಕಳೆಯಬೇಕಿತ್ತು. ಹಾಗೆ ಉಳಿದವರು ಅಲ್ಲೇ ಮದುವೆಯಾದರು, ಮನೆ ಕಟ್ಟಿದರು, ಮಸೀದಿ ಕಟ್ಟಿದರು. ಉಂಗುಜಾದ ದಕ್ಷಿಣ ತುದಿಯ ಕಿಜಿಂಕಾಜಿ ಮಸೀದಿಯಲ್ಲಿ 1107ರ ಶಾಸನವಿದೆ. ಆಫ್ರಿಕಾದ ಬಂಟು ಭಾಷೆಯ ವ್ಯಾಕರಣಕ್ಕೆ ಅರಬ್ಬಿ, ಪಾರಸಿ, ಗುಜರಾತಿ ಶಬ್ದಗಳು ಸೇರಿದ ಸ್ವಾಹಿಲಿ ಬೆಳೆದದ್ದು ಇಂಥ ಬಂದರುಗಳ ಒಡನಾಟದಲ್ಲಿ.

ಹಳೆಯ ಪೇಟೆಯಾದ ಸ್ಟೋನ್ ಟೌನ್‌ನ ಯಾವುದೇ ಮನೆಯೊಳಗೆ ಕಾಲಿಟ್ಟರೂ ಈ ಬೆರಕೆ ಕಣ್ಣಿಗೆ ಬೀಳುತ್ತದೆ. ಗೋಡೆ ಹವಳದ ಕಲ್ಲು, ಸುಣ್ಣದ ಗಾರೆಯದು. ಮಾಳಿಗೆಯ ಭಾರ ಹೊರುವುದು ಕಾಂಡ್ಲಾ ಮರದ ತೊಲೆಗಳು. ಆ ಮರ ಸಿಗುವುದೇ ಗಿಡ್ಡ ಗಾತ್ರದಲ್ಲಿ. ಆದ್ದರಿಂದ ಶ್ರೀಮಂತನ ಮಹಲಿನಲ್ಲೂ ಕೋಣೆಯ ಅಗಲ ಮೂರು ಮೀಟರ್ ಆಸುಪಾಸಿಗೇ ನಿಲ್ಲುತ್ತಿತ್ತು. ದೊಡ್ಡಸ್ತಿಕೆ ತೋರಿಸಬೇಕಾದವರು ಕೋಣೆಯನ್ನು ಉದ್ದಕ್ಕೆ ಎಳೆದರು, ಬಾಗಿಲನ್ನು ಸಿಂಗರಿಸಿದರು. ಕೆತ್ತನೆಯ ಭಾರೀ ಬಾಗಿಲು, ಅದರ ಮೇಲೆ ಸಾಲುಸಾಲಾಗಿ ಹಿತ್ತಾಳೆಯ ಮೊಳೆಗುಬ್ಬಿಗಳು, ಚೌಕಟ್ಟಿನ ನೆತ್ತಿಯಲ್ಲಿ ಕುರಾನಿನ ವಾಕ್ಯ: ಗುಜರಾತಿನ ಮರಗೆಲಸ, ಅರಬ್ಬರ ಲಿಪಿ, ಆಫ್ರಿಕಾದ ದುಡಿಮೆ ಮೂರೂ ಒಂದೇ ಬಾಗಿಲಿನಲ್ಲಿ ಸೇರಿವೆ. 2000ನೇ ಇಸವಿಯಲ್ಲಿ ಯುನೆಸ್ಕೋ ಈ ಪೇಟೆಯನ್ನು ವಿಶ್ವ ಪರಂಪರೆಯ ತಾಣವೆಂದು ಗುರುತಿಸಿತು. ಬಾಗಿಲನ್ನು ಮೆಚ್ಚುವುದು ಸುಲಭ. ಆ ಬಾಗಿಲಿನ ಹಣ ಎಲ್ಲಿಂದ ಬಂತು ಎಂದು ಕೇಳಿದಾಗ ಇತಿಹಾಸದ ಇನ್ನೊಂದು ಮಗ್ಗುಲು ತೆರೆದುಕೊಳ್ಳುತ್ತದೆ.

ಮೊಗ್ಗು, ದಂತ ಮತ್ತು ಮನುಷ್ಯರು

ಪೋರ್ಚುಗೀಸರನ್ನು 1698ರಲ್ಲಿ ಮೊಂಬಾಸಾದ ಕೋಟೆಯಿಂದ ಹೊರಗಟ್ಟಿದ ಓಮಾನಿನ ಅರಬ್ಬರು ಈ ಕರಾವಳಿಯ ಮೇಲೆ ಹಿಡಿತ ಸಾಧಿಸಿದರು. ಸುಲ್ತಾನ ಸಯೀದ್ ಬಿನ್ ಸುಲ್ತಾನ್ 1840ರ ಹೊತ್ತಿಗೆ ತನ್ನ ಆಸ್ಥಾನವನ್ನೇ ಮಸ್ಕತ್‌ನಿಂದ ಜಾಂಜಿಬಾರ್‌ಗೆ ತಂದ. ಅವನನ್ನು ಸೆಳೆದದ್ದು ಆನೆದಂತ ಮತ್ತು ಲವಂಗ. ಲವಂಗದ ಮೂಲನೆಲ ಇಂಡೊನೇಷ್ಯಾದ ಮಲುಕು ದ್ವೀಪಗಳು. ಡಚ್ಚರು ಅದರ ಮೇಲೆ ಏಕಸ್ವಾಮ್ಯ ಹೊಂದಿದ್ದರು. ಮಾರಿಷಸ್‌ನಲ್ಲಿದ್ದ ಫ್ರೆಂಚ್ ಆಡಳಿತಗಾರ ಪಿಯೆರ್ ಪುವಾವ್ರ್ 1770ರಲ್ಲಿ ಅವರ ಕಣ್ಣು ತಪ್ಪಿಸಿ ಸಸಿಗಳನ್ನು ತರಿಸಿದ. ಅಲ್ಲಿಂದ ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಗಿಡ ಜಾಂಜಿಬಾರ್ ತಲುಪಿತು. ಲವಂಗ ಬಹಳ ಆಳುಗಳನ್ನು ಬೇಡುವ ಬೆಳೆ. ಮೊಗ್ಗು ಹಸಿರಿನಿಂದ ನಸುಗೆಂಪಿಗೆ ತಿರುಗಿದಾಗ, ಅರಳುವ ಮೊದಲೇ, ಮರ ಹತ್ತಿ ಗೊಂಚಲು ಗೊಂಚಲಾಗಿ ಕೈಯಲ್ಲೇ ಕೀಳಬೇಕು. ಹೂವಾಗಿ ಅರಳಿತೆಂದರೆ ಬೆಲೆ ಹೋಯಿತು. ಒಂದೇ ಮರದ ಮೊಗ್ಗುಗಳು ಒಟ್ಟಿಗೆ ಹದಕ್ಕೆ ಬರುವುದಿಲ್ಲವಾದ್ದರಿಂದ ಅದೇ ಮರವನ್ನು ಮತ್ತೆ ಮತ್ತೆ ಹತ್ತಬೇಕು. ಕೆಳಗೆ ತಂದ ಗೊಂಚಲಿನಿಂದ ತೊಟ್ಟು ಬಿಡಿಸಿ, ಚಾಪೆಯ ಮೇಲೆ ಹರವಿ, ಮಳೆ ಹನಿ ಬಿದ್ದರೆ ಒಳಗೆ ಸಾಗಿಸುತ್ತ, ಕಡುಕಂದು ಬಣ್ಣಕ್ಕೆ ಬರುವವರೆಗೆ ದಿನಗಟ್ಟಲೆ ಒಣಗಿಸಬೇಕು. ನಮ್ಮ ಪಲಾವಿಗೆ, ಕಷಾಯಕ್ಕೆ ಹಾಕುವ, ಬೀಡಾಕ್ಕೆ ಚುಚ್ಚುವ ಒಂದೊಂದು ಲವಂಗದ ಹಿಂದೆಯೂ ಇಷ್ಟು ಕೈಗೆಲಸವಿದೆ.

ಆ ಕೈಗಳು ಗುಲಾಮರವು. ಇಂದಿನ ಟಾಂಜಾನಿಯಾ, ಮಲಾವಿ, ಮೊಜಾಂಬಿಕ್ ಪ್ರದೇಶಗಳಿಂದ ಹಿಡಿದು ತಂದ ಗಂಡಸರು, ಹೆಂಗಸರು, ಮಕ್ಕಳು ಕರಾವಳಿಯವರೆಗೆ ನಡೆದು, ದೋಣಿಯಲ್ಲಿ ತುಂಬಿಸಿಕೊಂಡು ದ್ವೀಪಕ್ಕೆ ಬರುತ್ತಿದ್ದರು. 1860ರ ದಶಕದಲ್ಲಿ ವರ್ಷಕ್ಕೆ 15ರಿಂದ 20 ಸಾವಿರ ಜನ ಈ ಬಂದರಿನ ಮೂಲಕ ಹಾದುಹೋಗುತ್ತಿದ್ದರೆಂಬ ಅಂದಾಜಿದೆ. ಕೆಲವರು ಲವಂಗದ ತೋಟಗಳಿಗೆ, ಕೆಲವರು ಅರೇಬಿಯಾ, ಪರ್ಷಿಯನ್ ಕೊಲ್ಲಿಗೆ. ಆನೆದಂತದ ದಾರಿ ಇನ್ನೊಂದು ದಿಕ್ಕಿನದು: ಅಮೆರಿಕದ ವರ್ತಕರು 1830ರ ದಶಕದಿಂದಲೇ ಇಲ್ಲಿಗೆ ಹತ್ತಿಬಟ್ಟೆ ತಂದು ದಂತ ಒಯ್ಯುತ್ತಿದ್ದರು, ಕನೆಕ್ಟಿಕಟ್ ರಾಜ್ಯದ ಕಾರ್ಖಾನೆಗಳಲ್ಲಿ ಅದು ಪಿಯಾನೊದ ಕೀಲಿಗಳಾಗುತ್ತಿತ್ತು. ಹೀಗೆ ಒಂದು ಕಿರುದ್ವೀಪ ಅಮೆರಿಕದ ದಿವಾನಖಾನೆಯಿಂದ ಆಫ್ರಿಕಾದ ಒಳನಾಡಿನವರೆಗೆ ಚಾಚಿದ ವ್ಯಾಪಾರದ ಗಂಟಾಯಿತು. ಮಾಲು ಅಲ್ಲಿ ಹಾದುಹೋಗುತ್ತಿತ್ತು. ಅದನ್ನು ಹೊತ್ತವರ, ಬೆಳೆದವರ ಪಾಲಿಗೆ ಏನೂ ಉಳಿಯುತ್ತಿರಲಿಲ್ಲ.

ಸಾಲದ ಖಾತೆಯ ಆಳ್ವಿಕೆ

ಸಿಂಹಾಸನದ ಮೇಲೆ ಕುಳಿತ ಸುಲ್ತಾನನೇ ದ್ವೀಪದ ಒಡೆಯ ಎಂದುಕೊಂಡರೆ ಅರ್ಧ ಸತ್ಯವಷ್ಟೇ ಕೈಗೆ ಸಿಗುತ್ತದೆ. ಅವನ ಆದಾಯದ ಬೇರು ಸುಂಕ. ಆ ಸುಂಕ ಎತ್ತುವ ಹಕ್ಕನ್ನು ಗುತ್ತಿಗೆಗೆ ಕೊಡುವ ಪದ್ಧತಿಯಿತ್ತು. ವರ್ಷಕ್ಕೆ ಇಂತಿಷ್ಟು ಎಂದು ಸುಲ್ತಾನನಿಗೆ ಮೊದಲೇ ಒಪ್ಪಿಕೊಂಡವನು ಕಟ್ಟೆಯಲ್ಲಿ ಕುಳಿತು ತಾನು ವಸೂಲಿ ಮಾಡಿಕೊಳ್ಳಬಹುದು. 1830ರ ದಶಕದಿಂದ ಮುಂದೆ ದಶಕಗಟ್ಟಲೆ ಈ ಗುತ್ತಿಗೆ ಹೆಚ್ಚಾಗಿ ಜೈರಾಮ್ ಶಿವಜಿ ಎಂಬ ಕಚ್ಛಿ ಭಾಟಿಯಾ ವರ್ತಕನ ಮನೆತನದ ಕೈಯಲ್ಲಿತ್ತು. ಸುಲ್ತಾನನಿಗೆ ಹಣ ಬೇಕಾದಾಗ ಸಾಲ ಕೊಟ್ಟವರೂ ಅವರೇ. ಆ ಸಾಲ ಲಕ್ಷಾಂತರ ಬೆಳ್ಳಿ ಡಾಲರುಗಳಿಗೆ ಏರಿತ್ತು. ಒಳನಾಡಿಗೆ ಹೋಗುವ ಅರಬ್ ಮತ್ತು ಸ್ವಾಹಿಲಿ ವರ್ತಕರಿಗೆ ಬಟ್ಟೆ, ಮಣಿ, ಬಂದೂಕುಗಳನ್ನು ಉದ್ರಿ ಕೊಟ್ಟು, ಎರಡು ಮೂರು ವರ್ಷದ ನಂತರ ಅವರು ತರುವ ದಂತದಲ್ಲಿ ಬಡ್ಡಿಸಹಿತ ತೀರಿಸಿಕೊಳ್ಳುವವರು ಭಾರತೀಯ ಸಾಹುಕಾರರು. ದಂತ ಹಾಗೂ ಗುಲಾಮರ ವ್ಯಾಪಾರದಲ್ಲಿ ಹೆಸರಾದ ಟಿಪ್ಪು ಟಿಪ್‌ನ ಬೆನ್ನಿಗೆ ತಾರಿಯಾ ತೋಪನ್ ಎಂಬ ಖೋಜಾ ಸಾಹುಕಾರನ ಬಂಡವಾಳವಿತ್ತು. ತೋಟದ ಮಾಲೀಕರೂ ಬೆಳೆಯನ್ನು ಮುಂಗಡಕ್ಕೆ ಒತ್ತೆಯಿಟ್ಟು, ಬೆಲೆ ಬಿದ್ದ ವರ್ಷ ತೋಟವನ್ನೇ ಅಡಮಾನ ಹಾಕುತ್ತಿದ್ದರು.

ಈ ಹಿನ್ನೆಲೆಯಲ್ಲಿ ಶೋಧಯಾತ್ರೆಗಳನ್ನು ಮತ್ತೆ ನೋಡಿದರೆ ಸಾಹಸದ ಬಣ್ಣ ಬೇರೆಯಾಗುತ್ತದೆ. ಬರ್ಟನ್ ಮತ್ತು ಸ್ಪೀಕ್‌ರ ಯಾತ್ರೆಗೆ ಸರಕು, ಆಳು, ಭರವಸೆ ಒದಗಿಸಿದ್ದು ಜೈರಾಮ್ ಮನೆತನದ ಪರವಾಗಿ ಸುಂಕದ ಕಟ್ಟೆ ನೋಡಿಕೊಳ್ಳುತ್ತಿದ್ದ ಲಾಧಾ ದಾಮ್ಜಿ. ಅವನ ಗುಮಾಸ್ತ ರಾಮ್ಜಿಗೆ ಸೇರಿದ ಗುಲಾಮರೇ ಯಾತ್ರೆಯ ಬಂದೂಕುಧಾರಿ ಕಾವಲುಗಾರರಾಗಿ ಬಾಡಿಗೆಗೆ ಹೋದರು. ಬರ್ಟನ್ ಬರಹದಲ್ಲಿ ಅವರ ಹೆಸರೇ ರಾಮ್ಜಿಯ ಮಕ್ಕಳು. ಒಬ್ಬೊಬ್ಬ ಹೊರೆಯಾಳು ಮೂವತ್ತು ಕಿಲೋ ಆಸುಪಾಸಿನ ಹೊರೆ ಹೊತ್ತು ತಿಂಗಳುಗಟ್ಟಲೆ ನಡೆಯುತ್ತಿದ್ದ. ಸಿಡಿ ಮುಬಾರಕ್ ಬಾಂಬೆ ಎಂಬವನ ಬದುಕು ಇದನ್ನೆಲ್ಲ ಒಟ್ಟಾಗಿ ತೋರಿಸುತ್ತದೆ. ಯಾವೋ ಬುಡಕಟ್ಟಿನ ಈ ಹುಡುಗನನ್ನು ಎಳೆಯ ವಯಸ್ಸಿನಲ್ಲೇ ಹಿಡಿದು ಮಾರಿದರು. ಕೊಂಡವನು ಅವನನ್ನು ಗುಜರಾತಿಗೆ ಒಯ್ದ. ಯಜಮಾನ ಸತ್ತ ಮೇಲೆ ಬಿಡುಗಡೆ ಪಡೆದು ಅವನು ಆಫ್ರಿಕಾಕ್ಕೆ ಮರಳಿ ಸುಲ್ತಾನನ ಸೈನ್ಯ ಸೇರಿದ್ದ. ಸ್ಪೀಕ್ ಅವನೊಡನೆ ಮಾತಾಡುತ್ತಿದ್ದದ್ದು ಹಿಂದುಸ್ತಾನಿಯಲ್ಲಿ. ಬರ್ಟನ್, ಸ್ಪೀಕ್, ಗ್ರಾಂಟ್, ಸ್ಟಾನ್ಲಿ, ಕೊನೆಗೆ ಆಫ್ರಿಕಾವನ್ನು ಪೂರ್ವದಿಂದ ಪಶ್ಚಿಮಕ್ಕೆ ದಾಟಿದ ಕ್ಯಾಮರಾನ್ ಎಲ್ಲರ ಜೊತೆಗೂ ಅವನಿದ್ದ. ಲಂಡನ್ನಿನ ರಾಯಲ್ ಜಿಯಾಗ್ರಫಿಕಲ್ ಸೊಸೈಟಿ ಅವನಿಗೆ ಪದಕವನ್ನೂ ಪಿಂಚಣಿಯನ್ನೂ ಕೊಟ್ಟಿತು. ಸರೋವರಗಳಿಗೆ, ಜಲಪಾತಗಳಿಗೆ ಹೆಸರು ಕೊಟ್ಟವರು ಮಾತ್ರ ಬೇರೆಯವರು.

ಇಲ್ಲೊಂದು ಆಕ್ಷೇಪ ನ್ಯಾಯವಾಗಿಯೇ ಏಳುತ್ತದೆ: ಈ ಶೋಧಕರ ವರದಿಗಳಿಲ್ಲದಿದ್ದರೆ ಗುಲಾಮರ ಮಾರುಕಟ್ಟೆ ಮುಚ್ಚುತ್ತಿತ್ತೇ? ಲಿವಿಂಗ್‌ಸ್ಟನ್ ಕಂಡು ಬರೆದ ಕ್ರೌರ್ಯ ಬ್ರಿಟನ್ನಿನ ಜನಾಭಿಪ್ರಾಯವನ್ನು ಕದಡಿತು, ಸರ್ಕಾರದ ಮೇಲೆ ಒತ್ತಡ ತಂದಿತು, 1873ರ ಜೂನ್‌ನಲ್ಲಿ ಸುಲ್ತಾನ ಬರ್ಗಶ್ ಮಾರುಕಟ್ಟೆ ಮುಚ್ಚುವ ಒಪ್ಪಂದಕ್ಕೆ ಸಹಿ ಹಾಕಬೇಕಾಯಿತು. ಅದೇ ಜಾಗದಲ್ಲಿ ಇಂದು ಆಂಗ್ಲಿಕನ್ ಚರ್ಚ್ ನಿಂತಿದೆ. ಇದು ದೊಡ್ಡ ನೈತಿಕ ಗೆಲುವೆಂಬುದರಲ್ಲಿ ಅನುಮಾನವಿಲ್ಲ. ಆದರೆ ಗೆಲುವಿನ ನಂತರ ನಡೆದದ್ದನ್ನೂ ನೋಡಬೇಕು. 1890ರಲ್ಲಿ ದ್ವೀಪ ಬ್ರಿಟಿಷ್ ರಕ್ಷಿತ ರಾಜ್ಯವಾಯಿತು. 1896ರ ಆಗಸ್ಟ್ 27ರಂದು, ತಮಗೆ ಒಪ್ಪಿಗೆಯಿಲ್ಲದ ರಾಜಕುಮಾರ ಸಿಂಹಾಸನ ಏರಿದನೆಂದು ಬ್ರಿಟಿಷ್ ನೌಕೆಗಳು ಅರಮನೆಯ ಮೇಲೆ ಗುಂಡು ಸುರಿಸಿ ಮುಕ್ಕಾಲು ಗಂಟೆಯೊಳಗೆ ಯುದ್ಧ ಮುಗಿಸಿದವು. ಅರಮನೆಯ ಕಡೆ ಸತ್ತವರು, ಗಾಯಗೊಂಡವರು ಸುಮಾರು 500 ಮಂದಿ. ಗುಲಾಮಗಿರಿಯ ಕಾನೂನು ಮಾನ್ಯತೆ ರದ್ದಾದದ್ದು 1897ರಲ್ಲಿ. ಆಗ ಪರಿಹಾರ ಸಿಕ್ಕಿದ್ದು ಗುಲಾಮರಿಗಲ್ಲ, ಯಜಮಾನರಿಗೆ. ಬಿಡುಗಡೆ ಕೋರುವವರು ತಮಗೆ ವಾಸಕ್ಕೂ ಬದುಕಿಗೂ ದಾರಿಯಿದೆಯೆಂದು ತೋರಿಸಬೇಕಿತ್ತು, ಇಲ್ಲವಾದರೆ ಅಲೆಮಾರಿಗಳೆಂಬ ಹಣೆಪಟ್ಟಿ ಕಾದಿತ್ತು. ಲವಂಗದ ಉತ್ಪಾದನೆ ಕುಸಿಯಬಾರದೆಂಬುದೇ ಆಡಳಿತದ ಮೊದಲ ಚಿಂತೆ. ನೆಲ ಸಿಗದ ಸ್ವತಂತ್ರರು ಅದೇ ತೋಟಗಳ ಅಂಚಿನಲ್ಲಿ ಒಕ್ಕಲಾಗಿ ಉಳಿದರು. ಬೇಡಿ ಕಳಚಿತು, ಖಾತೆಯ ಪುಸ್ತಕ ಹಾಗೆಯೇ ಮುಂದುವರಿಯಿತು.

ಎರಡನೆಯ ಆಕ್ಷೇಪ ನಮಗೆ ಹತ್ತಿರದ್ದು. ಭಾರತೀಯ ವರ್ತಕರನ್ನು ಹೀಗೆ ಕಟಕಟೆಯಲ್ಲಿ ನಿಲ್ಲಿಸುವುದು ಸರಿಯೇ? ಸಮುದ್ರ ದಾಟಿ, ರೋಗ ರುಜಿನ ಎದುರಿಸಿ, ತೀರದೇ ಹೋಗಬಹುದಾದ ಸಾಲ ಕೊಟ್ಟು ಅವರು ಗಂಡಾಂತರ ಮೈಮೇಲೆ ಎಳೆದುಕೊಂಡಿರಲಿಲ್ಲವೇ? ಹೌದು. ಸಾಲವಿಲ್ಲದೆ ಯಾವ ಬಂದರೂ ಬೆಳೆಯುವುದಿಲ್ಲ. ಹೆಚ್ಚಿನ ಭಾರತೀಯರು ಹಳ್ಳಿಗಳಲ್ಲಿ ಉಪ್ಪು, ಬಟ್ಟೆ, ಸೀಮೆಎಣ್ಣೆ ಮಾರುವ ಸಣ್ಣ ಅಂಗಡಿಯವರಾಗಿದ್ದರೆಂಬುದೂ ನಿಜ. ಆದರೆ ಭಾರತೀಯರ ಮನೆಗಳಲ್ಲೂ ತೋಟಗಳಲ್ಲೂ ಗುಲಾಮರಿದ್ದರು. 1860ರ ಸುಮಾರಿಗೆ ಬ್ರಿಟಿಷ್ ಕಾನ್ಸಲ್ ರಿಗ್ಬಿ ಅಂಥ ಸಾವಿರಾರು ಜನರನ್ನು ಬಿಡುಗಡೆ ಮಾಡಿಸಬೇಕಾಯಿತು. 1930ರ ದಶಕದ ಹೊತ್ತಿಗೆ ತೋಟಗಾರರ ಸಾಲ ಎಷ್ಟು ಬೆಳೆದಿತ್ತೆಂದರೆ, 1934ರಲ್ಲಿ ಸರ್ಕಾರ ಅರಬ್ಬರ ಮತ್ತು ಆಫ್ರಿಕನ್ನರ ಭೂಮಿ ಬೇರೆಯವರ ಕೈಸೇರದಂತೆ ಕಾನೂನು ತಂದಿತು. ಲವಂಗದ ಖರೀದಿಯನ್ನು ಬೆಳೆಗಾರರ ಸಂಘವೊಂದಕ್ಕೆ ಕೊಡಲು ಹೊರಟಾಗ ಭಾರತೀಯ ವರ್ತಕರು ಪ್ರತಿಭಟಿಸಿದರು. ಭಾರತದ ರಾಷ್ಟ್ರೀಯ ಕಾಂಗ್ರೆಸ್ ಅವರ ಬೆಂಬಲಕ್ಕೆ ನಿಂತು 1937ರಲ್ಲಿ ಜಾಂಜಿಬಾರ್ ಲವಂಗದ ಬಹಿಷ್ಕಾರಕ್ಕೆ ಕರೆ ಕೊಟ್ಟಿತು. ಭಾರತ ಆಗ ದೊಡ್ಡ ಗಿರಾಕಿ. ಮರುವರ್ಷವೇ ಸರ್ಕಾರ ರಾಜಿಗೆ ಬಂತು. ವಿದೇಶದಲ್ಲಿದ್ದ ಭಾರತೀಯರ ವಿರುದ್ಧ ತಾರತಮ್ಯವಾಗುತ್ತಿದೆ ಎಂಬ ಕಾಂಗ್ರೆಸ್ಸಿನ ವಾದದಲ್ಲಿ ಹುರುಳಿತ್ತು. ಆದರೂ ಆ ಹಗ್ಗಜಗ್ಗಾಟದಲ್ಲಿ ವಸಾಹತು ಸರ್ಕಾರ, ತೋಟದ ಮಾಲೀಕ, ರಫ್ತುದಾರ ಮೂವರ ಮಾತೂ ಕೇಳಿಸಿತು. ಮರ ಹತ್ತಿ ಮೊಗ್ಗು ಕಿತ್ತವನ ಮಾತು ಯಾವ ಮೇಜನ್ನೂ ತಲುಪಲಿಲ್ಲ.

ಉಳಿದದ್ದೇನು?

ಹಾಗಾದರೆ ಬಂದರು ತನ್ನ ಜನಕ್ಕೆ ಏನನ್ನೂ ಉಳಿಸಲಿಲ್ಲವೇ? ಉಳಿಸಿತು, ಮತ್ತು ಅದು ಹೇಗೆ ಉಳಿಯಿತೆಂಬುದು ನನ್ನ ವಾದಕ್ಕೆ ಮುಖ್ಯ. ಗುಲಾಮ ಮನೆತನದಲ್ಲಿ ಹುಟ್ಟಿ, ಹಳ್ಳಿಯಿಂದ ಪೇಟೆಗೆ ಮಡಕೆ ಹೊತ್ತು ಮಾರುತ್ತಿದ್ದ ಸಿತಿ ಬಿಂತಿ ಸಾದ್ ಎಂಬ ಹೆಣ್ಣುಮಗಳು ಇದಕ್ಕೆ ಉದಾಹರಣೆ. ತಾರಬ್ ಎಂಬ ಸಂಗೀತ ಆಗ ಸುಲ್ತಾನರ ಆಸ್ಥಾನದ್ದು. ಗಂಡಸರು ಅರಬ್ಬಿಯಲ್ಲಿ ಹಾಡುವಂಥದ್ದು. ಸಿತಿ ಅದನ್ನು ಸ್ವಾಹಿಲಿಗೆ ತಂದಳು. ಸ್ಟೋನ್ ಟೌನಿನಿಂದ ಅಳಿವೆಯಾಚೆ, ಮಣ್ಣಿನ ಗುಡಿಸಲುಗಳ ಙಂಬೋ ಎಂಬ ಭಾಗದಲ್ಲಿ ಬಡವರು ವಾಸಿಸುತ್ತಿದ್ದರು; ಅಲ್ಲಿನ ಸುದ್ದಿ, ಕೋರ್ಟಿನ ಅನ್ಯಾಯ, ಹೆಂಗಸರ ಮೇಲಿನ ದೌರ್ಜನ್ಯ ಅವಳ ಹಾಡಿನ ವಸ್ತುವಾದವು. 1928ರಲ್ಲಿ ಅವಳು ಮತ್ತು ಸಂಗಡಿಗರು ಮುಂಬಯಿಗೆ ಬಂದು ಎಚ್‌ಎಂವಿ ಕಂಪನಿಗೆ ಹಾಡಿದರು. ಸ್ವಾಹಿಲಿ ಹೆಣ್ಣೊಬ್ಬಳ ಧ್ವನಿ ಗ್ರಾಮಫೋನ್ ತಟ್ಟೆಗೆ ಏರಿದ್ದು ಅದೇ ಮೊದಲು. ಅದೇ ವರ್ಷ ಙಂಬೋದ ನಿವಾಸಿಗಳು ನೆಲಬಾಡಿಗೆ ಕೊಡುವುದಿಲ್ಲವೆಂದು ಮುಷ್ಕರ ಹೂಡಿದರು. ಸಂಸ್ಕೃತಿ ಬೆರೆಯುವುದೇ ಬಂದರುಗಳ ನಿಜವಾದ ಸಂಪತ್ತು ಎಂದು ಹೇಳುವವರಿದ್ದಾರೆ. ನಾನೂ ಒಪ್ಪುತ್ತೇನೆ, ಒಂದು ಮಾತು ಸೇರಿಸಿ: ಬೆರೆತದ್ದು ಜನರದ್ದಾಗಿ ಉಳಿದದ್ದು ಅದನ್ನು ಕೆಳಗಿನವರು ತಮ್ಮ ಭಾಷೆಯಲ್ಲಿ, ತಮ್ಮ ಕೈಗೆ ತೆಗೆದುಕೊಂಡಾಗ. ಹಾಡಿಗೆ ಅದು ಸಾಧ್ಯವಾಯಿತು. ಭೂಮಿಗೆ, ಬೆಲೆಗೆ ಸಾಧ್ಯವಾಗಲಿಲ್ಲ.

ಸಾಧ್ಯವಾಗಿಸಲು ನಡೆದ ಪ್ರಯತ್ನ ರಕ್ತಮಯವಾಗಿತ್ತು. 1963ರ ಡಿಸೆಂಬರ್ 10ರಂದು ಬ್ರಿಟಿಷರು ಸುಲ್ತಾನನ ನೇತೃತ್ವದ ಸರ್ಕಾರಕ್ಕೆ ಸ್ವಾತಂತ್ರ್ಯ ಕೊಟ್ಟು ಹೋದರು. 1964ರ ಜನವರಿ 12ರಂದು ಕ್ರಾಂತಿಯಾಯಿತು. ಸಾವಿರಾರು ಜನ, ಹೆಚ್ಚಾಗಿ ಅರಬ್ಬರು, ಹತರಾದರು. ಅರಬ್ಬರೂ ಭಾರತೀಯರೂ ದೊಡ್ಡ ಸಂಖ್ಯೆಯಲ್ಲಿ ದ್ವೀಪ ತೊರೆದರು. ಮುಂದೆ ಫ್ರೆಡ್ಡಿ ಮರ್ಕ್ಯುರಿ ಎಂದು ಜಗತ್ತಿಗೆ ಪರಿಚಿತನಾದ ಗಾಯಕನ ಪಾರ್ಸಿ ಕುಟುಂಬ ಹೊರಟದ್ದು ಆಗಲೇ. 2021ರಲ್ಲಿ ಸಾಹಿತ್ಯದ ನೊಬೆಲ್ ಪಡೆದ ಅಬ್ದುಲ್‌ರಜಾಕ್ ಗುರ್ನಾ ಹದಿಹರೆಯ ದಾಟುವ ಮೊದಲೇ ಇಂಗ್ಲೆಂಡಿಗೆ ವಲಸೆ ಹೋಗಬೇಕಾಯಿತು. 1964ರ ಏಪ್ರಿಲ್‌ನಲ್ಲಿ ಜಾಂಜಿಬಾರ್ ಮತ್ತು ಮುಖ್ಯ ಭೂಭಾಗದ ಟಾಂಗಾನಿಕಾ ಒಂದಾಗಿ ಟಾಂಜಾನಿಯಾ ಒಕ್ಕೂಟವಾದವು. ದ್ವೀಪದ ಹೊಸ ಅಧ್ಯಕ್ಷ ಅಬೇದ್ ಕರುಮೆಯ ಸರ್ಕಾರ ತೋಟಗಳನ್ನು ರಾಷ್ಟ್ರೀಕರಿಸಿ ಕುಟುಂಬಕ್ಕೆ ಮೂರು ಎಕರೆಯಂತೆ ಹಂಚಿತು. ಪೂರ್ವ ಜರ್ಮನಿಯ ನೆರವಿನಿಂದ ಙಂಬೋದಲ್ಲಿ ಬಡವರಿಗಾಗಿ ಬಹುಮಹಡಿ ವಸತಿಗಳನ್ನು ಕಟ್ಟಲು ಆರಂಭಿಸಿತು. ಉಳುವವನ ಹೆಸರಿಗೆ ನೆಲ ಬರಬೇಕೆಂಬ ಬೇಡಿಕೆ ಎಷ್ಟು ನ್ಯಾಯದ್ದೋ, ನೆರೆಯವರನ್ನು ಅವರ ಹುಟ್ಟಿನ ಕಾರಣಕ್ಕೆ ಕೊಂದದ್ದು ಅಷ್ಟೇ ಅಕ್ಷಮ್ಯ. ಒಂದರ ಹೆಸರಿನಲ್ಲಿ ಇನ್ನೊಂದನ್ನು ಮರೆಮಾಚಲು ಬರುವುದಿಲ್ಲ.

ನೆಲ ಹಂಚಿದ ಮೇಲಾದರೂ ಲವಂಗದ ಹಣ ರೈತನಲ್ಲಿ ಉಳಿಯಿತೇ? ಖರೀದಿಯ ಏಕಸ್ವಾಮ್ಯ ಈಗ ಸರ್ಕಾರಿ ವ್ಯಾಪಾರ ನಿಗಮದ ಪಾಲಾಯಿತು. ಅದು ಬೆಳೆಗಾರನಿಗೆ ಕೊಟ್ಟದ್ದು ಜಾಗತಿಕ ಬೆಲೆಯ ಸಣ್ಣ ಅಂಶ. ಪೆಂಬಾದ ರೈತರು ರಾತ್ರೋರಾತ್ರಿ ದೋಣಿಯಲ್ಲಿ ಲವಂಗವನ್ನು ಕೆನ್ಯಾಕ್ಕೆ ಕದ್ದು ಸಾಗಿಸತೊಡಗಿದರು. ಹಲವರು ಮರಗಳ ಆರೈಕೆಯನ್ನೇ ಬಿಟ್ಟರು. ಜಗತ್ತಿನ ಅತಿದೊಡ್ಡ ಗಿರಾಕಿ ಲವಂಗ ಬೆರೆಸಿದ ಸಿಗರೇಟು ಸೇದುವ ಇಂಡೊನೇಷ್ಯಾ. ಒಂದು ಕಾಲದಲ್ಲಿ ಸಸಿ ಕಳೆದುಕೊಂಡ ಆ ದೇಶವೇ ಜಾಂಜಿಬಾರ್ ಲವಂಗ ಕೊಳ್ಳುತ್ತಿತ್ತು. 1980ರ ದಶಕದಲ್ಲಿ ಅದು ತನಗೆ ಬೇಕಾದಷ್ಟನ್ನು ತಾನೇ ಬೆಳೆದುಕೊಂಡಿತು, ಬೆಲೆ ನೆಲಕಚ್ಚಿತು. ಒಡೆಯ ಬದಲಾದರೂ ಬೆಲೆ ಕಟ್ಟುವ ಅಧಿಕಾರ ಬೆಳೆಗಾರನ ಕೈಗೆ ಬಾರದಿದ್ದರೆ ಏನೂ ಬದಲಾಗದೆಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ಪ್ರಸಂಗ ವಿರಳ. 2011ರಲ್ಲಿ ನಿಗಮ ರೈತರಿಗೆ ಕೊಡುವ ಬೆಲೆಯನ್ನು ಗಣನೀಯವಾಗಿ ಏರಿಸಿತು. ಮೂರು ದಶಕ ಮೊದಲೇ ಆಗಬೇಕಿದ್ದ ಕೆಲಸವದು.

ಪ್ರವಾಸಿಗಳ ಕಾಲ

ಲವಂಗ ಕೈಕೊಟ್ಟ ಮೇಲೆ ದ್ವೀಪ ಪ್ರವಾಸೋದ್ಯಮಕ್ಕೆ ಬಾಗಿಲು ತೆರೆಯಿತು. 2023ರಲ್ಲಿ ಆರು ಲಕ್ಷಕ್ಕೂ ಹೆಚ್ಚು ಪ್ರವಾಸಿಗಳು ಬಂದರು. ದ್ವೀಪದ ಒಟ್ಟು ಉತ್ಪನ್ನದಲ್ಲಿ ಮೂರನೇ ಒಂದರ ಹತ್ತಿರ ಹತ್ತಿರ ಈ ಉದ್ಯಮದ್ದು. ಬಡ ದ್ವೀಪಕ್ಕೆ ಬೇರೆ ದಾರಿ ಯಾವುದಿದೆ, ಕೆಲಸ ಸಿಗುವುದು ಸಣ್ಣ ಮಾತೇ ಎಂದು ಕೇಳುವವರಿಗೆ ಉತ್ತರ ಕೊಡಲೇಬೇಕು. ಸಣ್ಣ ಮಾತಲ್ಲ. ಹೋಟೆಲಿನ ಸಂಬಳದಿಂದ ಮಕ್ಕಳನ್ನು ಓದಿಸುವ ಸಾವಿರಾರು ಮನೆಗಳಿವೆ. ಆದರೆ ಹಳೆಯ ಪ್ರಶ್ನೆ ಇಲ್ಲೂ ಬೆನ್ನು ಬಿಡುವುದಿಲ್ಲ. ಕಡಲತೀರದ ದೊಡ್ಡ ಹೋಟೆಲುಗಳಲ್ಲಿ ಅನೇಕವು ವಿದೇಶಿ ಬಂಡವಾಳದವು. ಅತಿಥಿ ತನ್ನ ಊರಲ್ಲೇ ಪೂರ್ತಿ ಹಣ ಕಟ್ಟಿ ಬಂದಿರುತ್ತಾನೆ. ಅಡುಗೆಮನೆಗೆ ಬೇಕಾದ ತರಕಾರಿ ಹಣ್ಣುಗಳ ದೊಡ್ಡ ಪಾಲು ದ್ವೀಪದ ಹೊರಗಿನಿಂದ ಬರುತ್ತದೆ. ಒಳ್ಳೆಯ ಹುದ್ದೆಗಳಿಗೆ ಬೇಕಾದ ತರಬೇತಿ ಸ್ಥಳೀಯ ಯುವಕರಿಗೆ ಸಿಗದಿದ್ದಾಗ ಅವೂ ಹೊರಗಿನವರ ಪಾಲಾಗುತ್ತವೆ. 2008ರಲ್ಲಿ ಮುಖ್ಯ ಭೂಭಾಗದಿಂದ ಬರುವ ವಿದ್ಯುತ್ ಸಂಪರ್ಕ ಕೆಟ್ಟು ಉಂಗುಜಾ ಸುಮಾರು ಒಂದು ತಿಂಗಳು ಕತ್ತಲಲ್ಲಿತ್ತು. ಆಗ ಜನರೇಟರ್ ಇದ್ದ ಹೋಟೆಲುಗಳು ನಡೆದವು; ವಿದ್ಯುತ್ ಪಂಪಿನ ನೀರು ನಂಬಿದ್ದ ಮನೆಗಳ ಹೆಂಗಸರು ಕೊಡ ಹಿಡಿದು ಅಲೆದರು.

ಪಾಜೆ, ಜಂಬಿಯಾನಿ ಹಳ್ಳಿಗಳ ಪೂರ್ವ ತೀರ ಈ ಸಂಗತಿಯನ್ನು ಹತ್ತಿರದಿಂದ ತೋರಿಸುತ್ತದೆ. ಅಲ್ಲಿ 1989ರ ಸುಮಾರಿಗೆ ಕಡಲಕಳೆಯ ಕೃಷಿ ಶುರುವಾಯಿತು. ಇಳಿತದ ಹೊತ್ತಿಗೆ ಹೆಂಗಸರು ಮೊಣಕಾಲುದ್ದ ನೀರಿನಲ್ಲಿ ಗೂಟ ನೆಟ್ಟು, ಹಗ್ಗ ಬಿಗಿದು, ಹಗ್ಗಕ್ಕೆ ಕಳೆಯ ಚೂರುಗಳನ್ನು ಕಟ್ಟುತ್ತಾರೆ. ಕೆಲವು ವಾರಗಳ ನಂತರ ಕೊಯ್ದು ಒಣಗಿಸಿ ಮಾರುತ್ತಾರೆ. ಟೂತ್‌ಪೇಸ್ಟ್, ಐಸ್‌ಕ್ರೀಮ್‌ಗಳನ್ನು ಗಟ್ಟಿಯಾಗಿಸುವ ಕ್ಯಾರಜೀನನ್ ಎಂಬ ವಸ್ತು ಇದರಿಂದಲೇ ಬರುವುದು. 20 ಸಾವಿರಕ್ಕೂ ಹೆಚ್ಚು ಜನ ಈ ಕೆಲಸದಲ್ಲಿದ್ದಾರೆ, ಬಹುಪಾಲು ಮಹಿಳೆಯರು. ಹಲವರ ಪಾಲಿಗೆ ಅದು ಸ್ವಂತದ್ದೆನ್ನಬಹುದಾದ ಮೊದಲ ಗಳಿಕೆ. ಆದರೆ ಒಣಗಿದ ಕಳೆ ಕಚ್ಚಾಮಾಲಾಗಿ ಹಡಗೇರುತ್ತದೆ, ಬೆಲೆ ಕಟ್ಟುವುದು ದೂರದ ಕಂಪನಿಗಳು. ಸಮುದ್ರ ಬಿಸಿಯಾಗುತ್ತಿರುವುದರಿಂದ ಹೆಚ್ಚು ಬೆಲೆಯ ತಳಿ ರೋಗಕ್ಕೆ ತುತ್ತಾಗಿ ಆಳವಿಲ್ಲದ ನೀರಿನಲ್ಲಿ ಬೆಳೆಯುವುದೇ ಕಷ್ಟವಾಗಿದೆ. ಅದೇ ನೀರು ಪ್ರವಾಸಿಗಳ ಈಜಿಗೂ ಹಾಯಿ ಆಟಕ್ಕೂ ಬೇಕು. ಇದಕ್ಕೆ ಉತ್ತರವೂ ಅಲ್ಲೇ ಮೊಳೆತಿದೆ: ಪಾಜೆಯಲ್ಲಿ ಮಹಿಳೆಯರು ಕಳೆಯನ್ನು ಪುಡಿಮಾಡಿ ಸಾಬೂನು, ಲೇಪನಗಳನ್ನು ತಯಾರಿಸಿ ನೇರ ಪ್ರವಾಸಿಗಳಿಗೇ ಮಾರುತ್ತಿದ್ದಾರೆ. ಪ್ರಮಾಣ ಚಿಕ್ಕದಿರಬಹುದು. ಆದರೆ ಲವಂಗದ ಇನ್ನೂರು ವರ್ಷಗಳಲ್ಲಿ ಆಗದ್ದು ಇಲ್ಲಿ ಆಗುತ್ತಿದೆ: ದುಡಿದವಳೇ ಬೆಲೆ ಕಟ್ಟುತ್ತಿದ್ದಾಳೆ.

ಈ ಕಥೆ ಕನ್ನಡ ನೆಲಕ್ಕೆ ಪರಕೀಯವಲ್ಲ. ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಾಡುಗಳ ನಡುವೆ ಬದುಕುವ ಸಿದ್ದಿಗಳ ಪೂರ್ವಿಕರಲ್ಲಿ ಅನೇಕರು ಇದೇ ಪೂರ್ವ ಆಫ್ರಿಕಾದಿಂದ ಪೋರ್ಚುಗೀಸರ ಗೋವಾಕ್ಕೆ ಗುಲಾಮರಾಗಿ ಬಂದವರು. ಅವರಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿದ್ದು 2003ರಲ್ಲಿ. ಹಿಂದೂ ಮಹಾಸಾಗರದ ವ್ಯಾಪಾರವನ್ನು ಮಸಾಲೆಯ ಘಮವಾಗಿ, ಹಡಗುಗಳ ವೈಭವವಾಗಿ ಮಾತ್ರ ನೆನೆಯುವಾಗ ನಾವು ಮರೆಯುವುದು ಇಂಥವರನ್ನು. ಭಾರತದಿಂದ ಆ ದ್ವೀಪಕ್ಕೆ ಹೊಸ ಬಗೆಯ ಸರಕೊಂದು ಈಗ ಹೋಗಿದೆ: 2023ರಲ್ಲಿ ಮದ್ರಾಸಿನ ಐಐಟಿ ತನ್ನ ಶಾಖೆಯನ್ನು ಜಾಂಜಿಬಾರ್‌ನಲ್ಲಿ ತೆರೆಯಿತು, ದೇಶದ ಹೊರಗೆ ಐಐಟಿಯೊಂದು ನೆಲೆಯೂರಿದ್ದು ಅದೇ ಮೊದಲು. ಒಂದು ಕಾಲದಲ್ಲಿ ಭಾರತದಿಂದ ಹೋದ ಸಾಲದ ಪುಸ್ತಕ ದ್ವೀಪದ ತೋಟಗಳನ್ನು ಆಳಿತು. ಈಗ ಹೋಗಿರುವ ವಿದ್ಯೆಯ ಪುಸ್ತಕ ಅಲ್ಲಿನ ಮಕ್ಕಳ ಕೈ ಸೇರುತ್ತದೆಯೇ ಎಂಬುದು ಶುಲ್ಕ, ವಿದ್ಯಾರ್ಥಿವೇತನ, ಪ್ರವೇಶದ ನಿಯಮಗಳನ್ನು ಅವಲಂಬಿಸಿದೆ. ಭಾರತೀಯರಾಗಿ ಅದರ ಮೇಲೆ ಕಣ್ಣಿಡುವ ಹೊಣೆ ನಮಗಿದೆ.

ಹೊರಗಿನವರು ಬಾರದಂತೆ ಬಾಗಿಲು ಹಾಕಿಕೊಂಡ ಬಂದರು ಬಂದರಾಗಿ ಉಳಿಯುವುದಿಲ್ಲ. ಜಾಂಜಿಬಾರ್‌ನ ಭಾಷೆ, ಹಾಡು, ಬಾಗಿಲು, ಅಡುಗೆ ಎಲ್ಲವೂ ಬಂದವರ ಕೊಡುಗೆಯನ್ನು ಅರಗಿಸಿಕೊಂಡೇ ಬೆಳೆದಿವೆ. ಆದ್ದರಿಂದ ನನ್ನ ವಾದ ವ್ಯಾಪಾರದ ವಿರುದ್ಧವೂ ಅಲ್ಲ, ಪ್ರವಾಸದ ವಿರುದ್ಧವೂ ಅಲ್ಲ. ಸಾಹಸದ ಕಥೆಗಳನ್ನು ಓದುವಾಗ ಹೊರೆ ಹೊತ್ತವನ ಹೆಸರನ್ನೂ ಕೇಳಬೇಕು. ದ್ವೀಪದ ಅಭಿವೃದ್ಧಿಯ ಅಂಕಿಅಂಶ ಓದುವಾಗ ಪ್ರವಾಸಿಗಳ ಸಂಖ್ಯೆಯ ಪಕ್ಕದಲ್ಲಿ ಬೆಳೆಗಾರನಿಗೆ ಸಿಕ್ಕ ಬೆಲೆ, ಕಡಲಕಳೆ ಬೆಳೆವ ಹೆಂಗಸಿಗೆ ದಕ್ಕಿದ ದಡದ ಹಕ್ಕು, ಸ್ಥಳೀಯರಿಗೆ ದೊರೆತ ಮೇಲ್ದರ್ಜೆಯ ಕೆಲಸ ಇವುಗಳ ಲೆಕ್ಕವನ್ನೂ ಕೇಳಬೇಕು. ಈ ಲೆಕ್ಕ ಬೇಡಲು ಜಾಂಜಿಬಾರ್‌ನ ಜನರಿಗೆ ಇನ್ನೊಂದು ಕ್ರಾಂತಿ ಬೇಕಿಲ್ಲ. ಪಾರದರ್ಶಕ ಒಪ್ಪಂದಗಳು, ಬೆಳೆಗಾರರದೇ ಸಂಘಟನೆಗಳು, ನ್ಯಾಯವಾದ ಚುನಾವಣೆಗಳು, ಕಚ್ಚಾಮಾಲನ್ನು ದ್ವೀಪದಲ್ಲೇ ಸಿದ್ಧವಸ್ತುವಾಗಿಸುವ ಉದ್ಯಮಗಳು ಬೇಕು. ಇವುಗಳಲ್ಲಿ ಯಾವುದೂ ಅಸಾಧ್ಯವಲ್ಲವೆಂದು ಪಾಜೆಯ ಮಹಿಳೆಯರು ಈಗಾಗಲೇ ತೋರಿಸಿದ್ದಾರೆ. ಅವರ ದಾರಿಯನ್ನು ಅಗಲಗೊಳಿಸುವ ಕೆಲಸ ಸರ್ಕಾರದ್ದು, ಕಂಪನಿಗಳದ್ದು, ಅಲ್ಲಿಗೆ ಹೋಗಿ ಬರುವ ಪ್ರತಿಯೊಬ್ಬ ಪ್ರವಾಸಿಯದ್ದು.